ನಗೋಯಾಕ್ಕೆ ಮೊದಲ ಸಲ: ಜೊತೆಗೆ ಭಾವಮೈದುನನೋ, ಸೂಪರ್‌ವೈಸರೋ?

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ವರ್ಕ್‌ಶಾಪ್ ಇದೆ. ಶಾಫ್ಟ್, ಬುಶ್, ಪಿನ್ ಇಂಥ ಟರ್ನಿಂಗ್ ಕೆಲಸ ಮಾಡುತ್ತೇವೆ. ಹೋದ ವರ್ಷ ಜಪಾನಿನ ಒಂದು ಟ್ರೇಡಿಂಗ್ ಕಂಪನಿಯವರು ಬಂದು ಶಾಪ್ ನೋಡಿಕೊಂಡು ಹೋಗಿದ್ದರು. ಈಗ ನವೆಂಬರ್‌ನಲ್ಲಿ ನಗೋಯಾಕ್ಕೆ ಬನ್ನಿ, ಎರಡು ಫ್ಯಾಕ್ಟರಿಗೆ ಕರೆದುಕೊಂಡು ಹೋಗುತ್ತೇವೆ ಎಂದಿದ್ದಾರೆ. ಒಟ್ಟು ಐದು ದಿನ. ನಾನು ಇದುವರೆಗೆ ದೇಶ ಬಿಟ್ಟು ಹೋದವನಲ್ಲ. ಇಂಗ್ಲಿಷ್ ಅಷ್ಟಕ್ಕಷ್ಟೆ. ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ತಿನ್ನುವುದಿಲ್ಲ. ಜೊತೆಗೆ ಒಬ್ಬರನ್ನು ಕರೆತರಬಹುದಂತೆ. ಇಂಗ್ಲಿಷ್ ಚೆನ್ನಾಗಿ ಬರುವ ಭಾವಮೈದುನನನ್ನು ಕರೆದುಕೊಂಡು ಹೋಗಲಾ? ಊಟಕ್ಕೆ ಏನು ಮಾಡಲಿ? ಅಲ್ಲೇ ರೇಟು ಮಾತಾಡಿ ಆರ್ಡರ್ ಮುಗಿಸಿಕೊಂಡು ಬರಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಇಲ್ಲ, ಈ ಸಲ ಆರ್ಡರ್ ಮುಗಿಸಿಕೊಂಡು ಬರಲು ಆಗುವುದಿಲ್ಲ. ಮುಗಿಸಲೇಬೇಕು ಅಂತ ಹಟ ಹಿಡಿದು ಹೋದರೆ ಇರುವ ಅವಕಾಶವೂ ಕೆಡಬಹುದು.

ನಮ್ಮ ಕಡೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು ತಿಂದು, ಎಲ್ಲರ ಹತ್ತಿರ ನಗುನಗುತ್ತಾ ಮಾತಾಡಿ, "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಎದ್ದು ಹೋಗುತ್ತಾರಲ್ಲ, ಜಪಾನಿನವರ ಜೊತೆಗಿನ ಮೊದಲ ಮೀಟಿಂಗ್ ಹೆಚ್ಚುಕಡಿಮೆ ಹಾಗೆಯೇ. ತೀರ್ಮಾನ ಆ ರೂಮಿನಲ್ಲಿ ಆಗುವುದಿಲ್ಲ. ಎದುರಿಗೆ ಕೂತ ಪರ್ಚೇಸ್ ಮ್ಯಾನೇಜರ್ ತಾನೊಬ್ಬನೇ ಹೂಂ ಅನ್ನುವಂತಿಲ್ಲ. ಆತ ಕ್ವಾಲಿಟಿಯವರನ್ನು, ಪ್ರೊಡಕ್ಷನ್‌ನವರನ್ನು, ಡಿಸೈನ್‌ನವರನ್ನು ಒಬ್ಬೊಬ್ಬರನ್ನಾಗಿ ಕಂಡು ಒಪ್ಪಿಸಬೇಕು. ಎಷ್ಟೋ ಕಂಪನಿಗಳಲ್ಲಿ ಪ್ರಸ್ತಾವದ ಕಾಗದ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಿ ಎಲ್ಲರ ಒಪ್ಪಿಗೆ ಬಿದ್ದ ಮೇಲೇ ವಿಷಯ ಮುಂದಕ್ಕೆ ಹೋಗುವುದು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು.

ಅಂದರೆ ಐದು ದಿನದಲ್ಲಿ ನಿಮ್ಮ ಕೆಲಸ ಒಂದೇ. ನೀವು ವಾಪಸ್ ಬಂದ ಮೇಲೆ ಆ ಮ್ಯಾನೇಜರ್ ತನ್ನವರ ಮುಂದೆ ನಿಮ್ಮ ಪರವಾಗಿ ಮಾತಾಡಬೇಕಲ್ಲ, ಅದಕ್ಕೆ ಬೇಕಾದ ಸಾಮಾನು ಅವನ ಕೈಗೆ ಕೊಟ್ಟು ಬರುವುದು. ಯಾರನ್ನು ಕರೆದುಕೊಂಡು ಹೋಗಬೇಕು ಅನ್ನುವುದೂ ಇದರಿಂದಲೇ ಗೊತ್ತಾಗುತ್ತದೆ. ಭಾವಮೈದುನನನ್ನು ಬಿಡಿ, ಬೇಜಾರಾದರೆ ಇನ್ನೊಂದು ಸಲ ಸಿಂಗಾಪುರ ತೋರಿಸಿ. ನಿಮ್ಮ ಶಾಪ್‌ನಲ್ಲಿ ಇನ್‌ಸ್ಪೆಕ್ಷನ್ ನೋಡಿಕೊಳ್ಳುವವರನ್ನೋ ಸೂಪರ್‌ವೈಸರನ್ನೋ ಕರೆದುಕೊಂಡು ಹೋಗಿ. ಮೈಕ್ರೊಮೀಟರ್ ಹಿಡಿದು ಗೊತ್ತಿರುವವರು, "ಈ ಡೈಮೆನ್ಷನ್ ಹೇಗೆ ಅಳೆಯುತ್ತೀರಿ" ಎಂದು ಕೇಳಿದರೆ ಕೈಯಲ್ಲಿ ತೋರಿಸಬಲ್ಲವರು. ಭಾಷೆಗೆ ಟ್ರೇಡಿಂಗ್ ಕಂಪನಿಯವರು ಹೇಗೂ ಇರುತ್ತಾರೆ. ಫ್ಯಾಕ್ಟರಿ ಎಂಜಿನಿಯರ್‌ಗಳ ಇಂಗ್ಲಿಷ್ ಕೂಡ ಎಷ್ಟೋ ಸಲ ಅಷ್ಟಕ್ಕಷ್ಟೇ ಇರುತ್ತದೆ. ಇಬ್ಬರೂ ಡ್ರಾಯಿಂಗ್ ಮುಂದೆ ಇಟ್ಟುಕೊಂಡು, ಪೆನ್ಸಿಲ್ ಹಿಡಿದು, ಅರ್ಧ ಇಂಗ್ಲಿಷ್ ಅರ್ಧ ಕೈಸನ್ನೆಯಲ್ಲಿ ಮಾತಾಡುತ್ತೀರಿ. ನಿರರ್ಗಳವಾಗಿ ಮಾತಾಡುವ, ಆದರೆ ರನ್‌ಔಟ್ (ತಿರುಗುವಾಗ ಪಾರ್ಟ್ ಎಷ್ಟು ಓಲಾಡುತ್ತದೆ ಎಂಬ ಅಳತೆ) ಅಂದರೆ ಏನೆಂದು ಗೊತ್ತಿಲ್ಲದವರು ಅಲ್ಲಿ ಬರೀ ತೊಂದರೆ.

ಡ್ರಾಯಿಂಗ್ ಮಾತು ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಜಪಾನಿನ ಡ್ರಾಯಿಂಗ್ ಥರ್ಡ್ ಆಂಗಲ್‌ನಲ್ಲಿ ಇರುತ್ತದೆ. ನಮ್ಮ ಡಿಪ್ಲೊಮಾದಲ್ಲಿ ಕಲಿಸುವುದು ಫಸ್ಟ್ ಆಂಗಲ್. ಎರಡೂ ಪಾರ್ಟ್‌ನ ಬೇರೆಬೇರೆ ನೋಟಗಳನ್ನು ಕಾಗದದ ಮೇಲೆ ಜೋಡಿಸುವ ಕ್ರಮಗಳು. ಬಲಗಡೆಯಿಂದ ನೋಡಿದ ನೋಟವನ್ನು ಅವರು ಬಲಗಡೆಗೇ ಬರೆಯುತ್ತಾರೆ, ಫಸ್ಟ್ ಆಂಗಲ್‌ನಲ್ಲಿ ಅದು ಎಡಗಡೆಗೆ ಬರುತ್ತದೆ. ದುಂಡಗಿನ ಬುಶ್‌ಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಒಂದು ಪಕ್ಕಕ್ಕೆ ಅಡ್ಡ ತೂತು ಇರುವ ಪಿನ್ ಆದರೆ ತೂತು ತಪ್ಪು ಪಕ್ಕಕ್ಕೆ ಹೋಗಿ ಲಾಟ್‌ಗೆ ಲಾಟೇ ಸ್ಕ್ರಾಪ್. ಡ್ರಾಯಿಂಗ್‌ನ ಟೈಟಲ್ ಬ್ಲಾಕ್ ಹತ್ತಿರ, ಯಾವ ಆಂಗಲ್ ಎಂದು ಹೇಳುವ ಸಣ್ಣ ಕೋನ್ ಚಿಹ್ನೆ ಇರುತ್ತದೆ, ಅದನ್ನು ನೋಡದೆ ಸ್ಯಾಂಪಲ್ ಮಾಡಬೇಡಿ.

ಮೆಟೀರಿಯಲ್ ವಿಷಯವೂ ಹಾಗೇ. ಅವರ ಡ್ರಾಯಿಂಗ್‌ನಲ್ಲಿ ಎಸ್45ಸಿ ಎಂಬ ಉಕ್ಕಿನ ಗ್ರೇಡ್ ಇದ್ದರೆ ನಮ್ಮ ಕಡೆ "ಇಎನ್8 ಹಾಕಿದ್ರೆ ಆಯ್ತು" ಅನ್ನುವ ರೂಢಿ ಇದೆ. ಎಸ್45ಸಿಯಲ್ಲಿ ಕಾರ್ಬನ್ 0.42ರಿಂದ 0.48 ಪರ್ಸೆಂಟ್. ಇಎನ್8ರಲ್ಲಿ 0.36ರಿಂದ 0.44. ಬರೀ ಟರ್ನಿಂಗ್ ಮಾಡಿ ಕಳಿಸುವ ಪಾರ್ಟ್ ಆದರೆ ವ್ಯತ್ಯಾಸ ಕಣ್ಣಿಗೆ ಬೀಳದೆ ಹೋಗಬಹುದು. ಇಂಡಕ್ಷನ್ ಹಾರ್ಡನಿಂಗ್ (ಮೇಲ್ಮೈಯನ್ನು ಕರೆಂಟಿನಿಂದ ಕಾಯಿಸಿ ಗಟ್ಟಿ ಮಾಡುವುದು) ಇದ್ದರೆ ಹಾರ್ಡ್‌ನೆಸ್ ಕಡಿಮೆ ಬಂದು ಅಲ್ಲೇ ಸಿಕ್ಕಿಬೀಳುತ್ತೀರಿ. ಬದಲಿ ಗ್ರೇಡ್ ಹಾಕುವುದು ತಪ್ಪಲ್ಲ, ಹೇಳದೆ ಹಾಕುವುದು ತಪ್ಪು. "ನಮ್ಮಲ್ಲಿ ಸಿಗುವುದು ಇದು, ಟೆಸ್ಟ್ ಸರ್ಟಿಫಿಕೇಟ್ ಇಲ್ಲಿದೆ, ಒಪ್ಪಿಗೆಯೇ?" ಎಂದು ಮೊದಲೇ ಕೇಳಿದರೆ ನಿಮ್ಮ ಮೇಲೆ ನಂಬಿಕೆ ಜಾಸ್ತಿಯಾಗುತ್ತದೆ.

ಹಾಗಾಗಿ ಹೊರಡುವ ಮುಂಚೆ ಆ ಎರಡು ಫ್ಯಾಕ್ಟರಿಗೆ ಬೇಕಾಗಬಹುದಾದ ಪಾರ್ಟ್‌ನ ಒಂದಾದರೂ ಡ್ರಾಯಿಂಗ್ ಟ್ರೇಡಿಂಗ್ ಕಂಪನಿಯಿಂದ ತರಿಸಿಕೊಳ್ಳಿ. ಐದು ಪೀಸ್ ಮಾಡಿ, ಪ್ರತಿ ಪೀಸ್‌ಗೂ ನಂಬರ್ ಹಾಕಿ, ಪ್ರತಿ ಡೈಮೆನ್ಷನ್ನಿನ ಅಳತೆಯನ್ನು ರಿಪೋರ್ಟಿನಲ್ಲಿ ಬರೆದು ಒಯ್ಯಿರಿ. ಯಾವ ಪೀಸ್‌ನಲ್ಲಾದರೂ ಒಂದು ಅಳತೆ ಲಿಮಿಟ್ ಅಂಚಿನಲ್ಲಿದ್ದರೆ ಅದನ್ನೂ ಹಾಗೇ ಬರೆಯಿರಿ. ಅವರು ನಿಮ್ಮೆದುರೇ ಪೀಸ್ ತೆಗೆದುಕೊಂಡು ಹೋಗಿ ಅಳೆದು ಬರಬಹುದು. ನೀವು ಬರೆದ ಅಳತೆಗೂ ಅವರಿಗೆ ಸಿಕ್ಕಿದ ಅಳತೆಗೂ ತಾಳೆಯಾದರೆ ಅರ್ಧ ಕೆಲಸ ಆದಂತೆ. ನುಣುಪಾದ ಬ್ರೋಷರ್, ಡ್ರೋನ್ ವಿಡಿಯೊ ಇವಕ್ಕೆ ದುಡ್ಡು ಹಾಕಬೇಡಿ.

ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್‌ಗೆ ಪಾರ್ಟ್ ಕೊಡುವವರು ಯಾರಾದರೂ ಪರಿಚಯವಿದ್ದರೆ ಹೋಗಿ ಅರ್ಧ ದಿನ ಕೂತು ಬನ್ನಿ. ಜಪಾನಿನವರು ಆಡಿಟ್‌ಗೆ ಬಂದರೆ ಏನು ಕೇಳುತ್ತಾರೆ ಅನ್ನುವುದನ್ನು ಅವರಷ್ಟು ಚೆನ್ನಾಗಿ ಯಾರೂ ಹೇಳಲಾರರು. ಜಪಾನ್ ಸರ್ಕಾರದ ವ್ಯಾಪಾರ ಸಂಸ್ಥೆ ಜೆಟ್ರೊಗೆ ಬೆಂಗಳೂರಿನಲ್ಲೂ ಆಫೀಸ್ ಇದೆ, ಅಲ್ಲಿಯೂ ಒಮ್ಮೆ ವಿಚಾರಿಸಿ.

ಈಗ ಮೀಟಿಂಗ್‌ನಲ್ಲಿ ಮಾತಾಡುವ ರೀತಿ. ನಮ್ಮವರಿಗೆ ಇರುವ ಒಂದು ಅಭ್ಯಾಸ ಅಲ್ಲಿ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಏನು ಕೇಳಿದರೂ "ಆಗುತ್ತೆ ಸಾರ್, ಮಾಡ್ಕೊಡ್ತೀವಿ" ಅನ್ನುವುದು. ಪೀಣ್ಯದಲ್ಲಿ ಗಿರಾಕಿಗೆ ಅದು ಧೈರ್ಯ ಕೊಡುವ ಮಾತು. ಅಲ್ಲಿ ಅದು ನೋಟ್‌ಬುಕ್ಕಿನಲ್ಲಿ ತಾರೀಕಿನ ಸಮೇತ ದಾಖಲಾಗುವ ಮಾತು. ಐದು ಮೈಕ್ರಾನ್ ಟಾಲರೆನ್ಸ್ (ಅಳತೆಯಲ್ಲಿ ಮಿಲಿಮೀಟರಿನ ಸಾವಿರದ ಐದು ಭಾಗದಷ್ಟೇ ಹೆಚ್ಚುಕಡಿಮೆ) ನಿಮ್ಮ ಮೆಷಿನ್‌ನಲ್ಲಿ ಬರುತ್ತದೋ ಇಲ್ಲವೋ ಗೊತ್ತಿಲ್ಲದಿದ್ದರೆ, "ಊರಿಗೆ ಹೋಗಿ ಟ್ರಯಲ್ ತೆಗೆದು ಇಂಥ ತಾರೀಕಿಗೆ ತಿಳಿಸುತ್ತೇವೆ" ಎನ್ನಿ. ಆಗುವುದೇ ಇಲ್ಲ ಎಂದು ಗೊತ್ತಿದ್ದರೆ "ಗ್ರೈಂಡಿಂಗ್ ನಮ್ಮಲ್ಲಿ ಇಲ್ಲ, ಹೊರಗೆ ಮಾಡಿಸುತ್ತೇವೆ" ಎಂದು ನೇರ ಹೇಳಿ. ಆ ಹೊರಗಿನ ಶಾಪ್ ಯಾವುದು, ಅಲ್ಲಿ ಯಾರು ಇನ್‌ಸ್ಪೆಕ್ಷನ್ ಮಾಡುತ್ತಾರೆ ಎಂದೂ ಕೇಳುತ್ತಾರೆ, ಅದಕ್ಕೂ ತಯಾರಾಗಿರಿ.

ಅವರು ತಲೆಯಾಡಿಸಿದರೆ ಒಪ್ಪಿದರು ಎಂದುಕೊಳ್ಳಬೇಡಿ. ಕೇಳಿಸಿಕೊಳ್ಳುತ್ತಿದ್ದೇನೆ ಎಂದಷ್ಟೇ ಅರ್ಥ. ಪ್ರಶ್ನೆ ಕೇಳಿದ ಮೇಲೆ ಅರ್ಧ ನಿಮಿಷ ಯಾರೂ ಮಾತಾಡದಿದ್ದರೆ ಗಾಬರಿಯಾಗಿ ರೇಟು ಇಳಿಸಬೇಡಿ, ಸುಮ್ನೆ ಕೂತಿರಿ. ಯೋಚನೆ ಮಾಡುತ್ತಿರುತ್ತಾರೆ ಅಷ್ಟೆ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆಂದರೆ, ಯಾರೂ ಕೇಳದೇ ಇದ್ದಾಗ ಹತ್ತು ಪರ್ಸೆಂಟ್ ಡಿಸ್ಕೌಂಟ್ ಕೊಟ್ಟುಬಂದವರನ್ನು ನಾನು ನೋಡಿದ್ದೇನೆ.

ರೇಟಿನ ಪಟ್ಟಿ ಒಯ್ಯಬೇಡಿ ಎಂದಲ್ಲ. ಒಯ್ಯಿರಿ, ಕೇಳಿದರೆ ಕೊಡಿ. ಆದರೆ ಒಟ್ಟು ಮೊತ್ತ ಒಂದೇ ಬರೆದರೆ ಸಾಲದು. ಮೆಟೀರಿಯಲ್ ಎಷ್ಟು, ಮಷಿನಿಂಗ್ ಎಷ್ಟು, ಹೀಟ್ ಟ್ರೀಟ್‌ಮೆಂಟ್ ಎಷ್ಟು, ಪ್ಯಾಕಿಂಗ್ ಎಷ್ಟು ಎಂದು ಬಿಡಿಸಿ ಕೇಳುತ್ತಾರೆ. ರೇಟು ಚೆನ್ನೈ ಬಂದರಿನವರೆಗೋ ನಗೋಯಾವರೆಗೋ ಎಂದೂ ಬರೆದಿರಲಿ. ಲಕ್ಷ, ಕೋಟಿ ಲೆಕ್ಕ ಬಾಯಿಗೆ ಬರದಂತೆ ನೋಡಿಕೊಳ್ಳಿ, ಅಂಕಿಯಲ್ಲೇ ಬರೆದು ತೋರಿಸಿ. ತಾರೀಕನ್ನು ಅವರು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯುತ್ತಾರೆ. 6/7 ಎಂದು ಬರೆದು ಜುಲೈಯೋ ಜೂನೋ ಎಂದು ಆಮೇಲೆ ಒದ್ದಾಡುವುದಕ್ಕಿಂತ ತಿಂಗಳ ಹೆಸರನ್ನೇ ಬರೆಯುವುದು ವಾಸಿ. ಎಕ್ಸ್‌ಪೋರ್ಟ್‌ಗೆ ಬೇಕಾದ ಐಇಸಿ (ಆಮದು-ರಫ್ತು ಕೋಡ್) ನಂಬರ್ ಇನ್ನೂ ಮಾಡಿಸಿಲ್ಲದಿದ್ದರೆ ಈ ವಾರವೇ ವಿದೇಶ ವ್ಯಾಪಾರ ಇಲಾಖೆಯ ಡಿಜಿಎಫ್‌ಟಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಭಾರತ–ಜಪಾನ್ ಆರ್ಥಿಕ ಒಪ್ಪಂದ 2011ರ ಆಗಸ್ಟ್‌ನಿಂದ ಜಾರಿಯಲ್ಲಿದೆ. ನಿಮ್ಮ ಪಾರ್ಟ್‌ನ ಎಚ್‌ಎಸ್ ಕೋಡ್‌ಗೆ (ಸುಂಕಕ್ಕಾಗಿ ಸರಕಿಗೆ ಕೊಡುವ ನಂಬರ್) ಅದರಡಿ ಅಲ್ಲಿ ಎಷ್ಟು ಸುಂಕ ಎಂದು ನಿಮ್ಮ ಸಿಎಚ್‌ಎಯನ್ನು (ಕಸ್ಟಮ್ಸ್ ಏಜೆಂಟ್) ಕೇಳಿ ಬರೆದಿಟ್ಟುಕೊಳ್ಳಿ. ಆ ಪ್ರಶ್ನೆ ಬಂದೇ ಬರುತ್ತದೆ.

ಶಿಷ್ಟಾಚಾರದ ಬಗ್ಗೆ ಜನ ಹೆದರಿಸುವಷ್ಟು ಏನಿಲ್ಲ. ವಿಸಿಟಿಂಗ್ ಕಾರ್ಡ್ ಎರಡೂ ಕೈಯಲ್ಲಿ ಕೊಡಿ, ಎರಡೂ ಕೈಯಲ್ಲಿ ತೆಗೆದುಕೊಳ್ಳಿ. ತೆಗೆದುಕೊಂಡದ್ದನ್ನು ಜೇಬಿಗೆ ತುರುಕದೆ ಅವರು ಕೂತ ಕ್ರಮದಲ್ಲೇ ಟೇಬಲ್ ಮೇಲೆ ಜೋಡಿಸಿಡಿ, ಹೆಸರು ನೆನಪಿಟ್ಟುಕೊಳ್ಳಲೂ ಅನುಕೂಲ. ಹಿಂಬದಿಯಲ್ಲಿ ಜಪಾನೀಸ್‌ನಲ್ಲಿ ಅಚ್ಚು ಹಾಕಿಸಿದರೆ ಒಳ್ಳೆಯದು. ಬಾಗಿಲಿನಿಂದ ದೂರದ ಕುರ್ಚಿ ಅತಿಥಿಗೆ, ಅವರು ತೋರಿಸಿದ ಮೇಲೆ ಕೂರಿ. ಸಮಯಕ್ಕೆ ಐದು ನಿಮಿಷ ಮುಂಚೆ ರಿಸೆಪ್ಷನ್‌ನಲ್ಲಿರಿ. ಅರ್ಧ ಗಂಟೆ ಮುಂಚೆ ಹೋದರೂ ಅವರಿಗೆ ಕಿರಿಕಿರಿಯೇ. ಫ್ಯಾಕ್ಟರಿಯಲ್ಲಿ ಕೇಳದೆ ಫೋಟೊ ತೆಗೆಯಬೇಡಿ. ಕೆಲವು ಕಡೆ ಶೂ ಬಿಚ್ಚಿ ಚಪ್ಪಲಿ ಹಾಕಿಕೊಳ್ಳಬೇಕಾಗುತ್ತದೆ, ತೂತಿಲ್ಲದ ಸಾಕ್ಸ್ ಇರಲಿ. ಉಡುಗೊರೆಗೆ ಚನ್ನಪಟ್ಟಣದ ಗೊಂಬೆ, ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿ ಚೆನ್ನ. ದುಬಾರಿ ಬೇಡ. ನಾಲ್ಕು ಪೀಸ್ ಇರುವ ಸೆಟ್ ಮಾತ್ರ ಬೇಡ, ಅಲ್ಲಿ ಅದು ಅಪಶಕುನ.

ಊಟ. ಇದು ನಿಜವಾಗಿಯೂ ಕಷ್ಟ, ಹಾಗಾಗಿ ಮೊದಲೇ ವ್ಯವಸ್ಥೆ ಮಾಡಿಕೊಳ್ಳಬೇಕು. ತೊಂದರೆ ಕಣ್ಣಿಗೆ ಕಾಣುವ ಮಾಂಸದಲ್ಲಿ ಇಲ್ಲ, ಕಾಣದ ದಾಶಿಯಲ್ಲಿದೆ. ದಾಶಿ ಅಂದರೆ ಅವರ ಅಡುಗೆಯ ಮೂಲ ಸಾರು. ಒಣಗಿಸಿದ ಬೊನಿಟೊ ಮೀನಿನ ಹೆರಕಲನ್ನು ನೀರಿನಲ್ಲಿ ನೆನೆಸಿ, ಕುದಿಸಿ ತೆಗೆಯುವುದೇ ಹೆಚ್ಚು. ಮಿಸೊ ಸೂಪಿನಲ್ಲಿ ಇದೇ ಇರುತ್ತದೆ. ತಣ್ಣನೆಯ ಸೊಬಾ ನೂಡಲ್ಸ್ ನೋಡಲು ಶುದ್ಧ ಸಸ್ಯಾಹಾರ, ಅದ್ದಿಕೊಳ್ಳುವ ರಸದಲ್ಲಿ ಮೀನು. ತೋಫುವಿನ ಮೇಲೆ ತೆಳ್ಳಗೆ ಮರದ ಸಿಪ್ಪೆಯಂತೆ ಕಾಣುವುದು ಮೀನಿನ ಹೆರಕಲು. ತರಕಾರಿ ಟೆಂಪುರಾ ನಮ್ಮ ಬಜ್ಜಿಯಂತೆಯೇ ಇರುತ್ತದೆ, ಆದರೆ ಹಿಟ್ಟಿಗೆ ಮೊಟ್ಟೆ ಹಾಕುವುದು ಸಾಮಾನ್ಯ. ಬರೀ "ವೆಜಿಟೇರಿಯನ್" ಎಂದರೆ ಮಾಂಸದ ತುಂಡು ಎತ್ತಿಟ್ಟು ಅದೇ ಸಾರು ಬಡಿಸಿಬಿಡುತ್ತಾರೆ. ಅವರಲ್ಲಿ ಕೆಟ್ಟ ಉದ್ದೇಶ ಇಲ್ಲ, ಸಾರನ್ನು ಅವರು ಮೀನು ಎಂದು ಎಣಿಸುವುದೇ ಇಲ್ಲ.

ಆದ್ದರಿಂದ ಹೋಗುವ ಎರಡು ವಾರ ಮುಂಚೆ ಟ್ರೇಡಿಂಗ್ ಕಂಪನಿಗೆ ಮೇಲ್ ಹಾಕಿ: ಮಾಂಸ, ಕೋಳಿ, ಮೀನು, ಮೊಟ್ಟೆ, ಮೀನಿನ ದಾಶಿ ಯಾವುದೂ ಬೇಡ; ಅನ್ನ, ತರಕಾರಿ, ತೋಫು, ಹಾಲು, ಮೊಸರು ನಡೆಯುತ್ತದೆ. ಇದನ್ನೇ ಜಪಾನೀಸ್‌ನಲ್ಲಿ ಬರೆದು ಕಳಿಸಿ ಎಂದು ಅವರನ್ನೇ ಕೇಳಿ, ಪ್ರಿಂಟ್ ತೆಗೆದು ಪರ್ಸಿನಲ್ಲಿಟ್ಟುಕೊಳ್ಳಿ, ಹೋಟೆಲಿನಲ್ಲಿ ತೋರಿಸಬಹುದು. ಮುಂಚೆ ಹೇಳುವುದನ್ನು ಸಂಕೋಚ ಮಾಡಿಕೊಳ್ಳಬೇಡಿ. ಅತಿಥಿ ತಟ್ಟೆ ಮುಂದೆ ಏನೂ ತಿನ್ನದೆ ಕೂತರೆ ಕರೆದವರಿಗೆ ಅದಕ್ಕಿಂತ ದೊಡ್ಡ ಮುಜುಗರ ಇಲ್ಲ. ಸಂಜೆ ಊಟಕ್ಕೆ ಕರೆದರೆ ತಪ್ಪಿಸಬೇಡಿ. ಕುಡಿಯದಿದ್ದರೆ ಊಲಾಂಗ್ ಟೀ ಹಿಡಿದು ಕೂರಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ನಿಮ್ಮ ಲೋಟ ನೀವೇ ತುಂಬಿಸಿಕೊಳ್ಳದೆ ಪಕ್ಕದವರ ಲೋಟ ನೋಡಿಕೊಳ್ಳಿ. ಮೀಟಿಂಗ್‌ನಲ್ಲಿ ಬಾಯಿಬಿಡದ ಕ್ವಾಲಿಟಿ ಮ್ಯಾನೇಜರ್ ತನಗೆ ಏನು ಅನುಮಾನ ಇದೆ ಎಂದು ಹೇಳಿದರೆ ಇಲ್ಲೇ ಹೇಳುವುದು.

ಉಳಿದ ಹೊತ್ತಿಗೆ ಚೀಲದಲ್ಲಿ ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಚಟ್ನಿಪುಡಿ, ಕೋಡುಬಳೆ, ಚಕ್ಕುಲಿ ಇರಲಿ. ಹೋಟೆಲ್ ರೂಮಿನಲ್ಲಿ ಸಾಮಾನ್ಯವಾಗಿ ನೀರು ಕಾಯಿಸುವ ಕೆಟಲ್ ಇರುತ್ತದೆ. ಹಸಿ ಹಣ್ಣು, ತರಕಾರಿ, ಕರಿಬೇವು ಒಯ್ಯಬೇಡಿ, ಏರ್‌ಪೋರ್ಟ್‌ನಲ್ಲೇ ತೆಗೆದಿಡುತ್ತಾರೆ. ಸೆವೆನ್ ಇಲೆವೆನ್, ಲಾಸನ್‌ನಂಥ ಅಂಗಡಿಗಳು ಮೂಲೆಮೂಲೆಯಲ್ಲೂ ಇವೆ. ಬಾಳೆಹಣ್ಣು, ಮೊಸರು, ಬಿಳಿ ಅನ್ನದ ಪ್ಯಾಕೆಟ್ ಸಿಗುತ್ತದೆ. ಚಟ್ನಿಪುಡಿ ಇದ್ದರೆ ಒಂದು ರಾತ್ರಿ ಅದರಲ್ಲೇ ಕಳೆಯುತ್ತದೆ. ನಗೋಯಾದಲ್ಲಿ ಭಾರತೀಯ ಹೋಟೆಲುಗಳಿಗೇನೂ ಬರವಿಲ್ಲ. ಹೆಚ್ಚಿನವು ನಾನ್, ಕರಿ ಮಾದರಿಯವು, ನೇಪಾಳದವರು ನಡೆಸುವಂಥವು. ಹಿಂದಿಯಲ್ಲಿ ಕೇಳಿದರೆ ಗ್ರೇವಿಯಲ್ಲಿ ಏನಿದೆ ಎಂದು ಹೇಳುತ್ತಾರೆ.

ಪೇಪರ್ ಕೆಲಸ ಚಿಕ್ಕದಾಗಿ ಹೇಳುತ್ತೇನೆ. ಟೂರಿಸ್ಟ್‌ಗಳಿಗೆ ಇರುವ ಇ-ವೀಸಾದಲ್ಲಿ ಬಿಸಿನೆಸ್‌ಗೆ ಹೋಗಬೇಡಿ. ಅವರ ಕಂಪನಿಯ ಆಹ್ವಾನ ಪತ್ರ, ದಿನದಿನದ ಕಾರ್ಯಕ್ರಮ, ನಿಮ್ಮ ಕಂಪನಿಯ ಪತ್ರ ಇಟ್ಟು ಬಿಸಿನೆಸ್ ವೀಸಾಕ್ಕೇ ಹಾಕಿ. ಆಹ್ವಾನ ಪತ್ರ ಅಲ್ಲಿಂದ ಬರಲು ಹೊತ್ತು ಹಿಡಿಯುತ್ತದೆ, ಈಗಲೇ ಕೇಳಿ. ಇಮಿಗ್ರೇಷನ್‌ನಲ್ಲಿ ಕೇಳಿದರೆ "ಬಿಸಿನೆಸ್ ಮೀಟಿಂಗ್" ಎನ್ನಿ, "ವರ್ಕ್" ಎನ್ನಬೇಡಿ, ಅದು ಬೇರೆ ವೀಸಾದ ಮಾತು. ಸ್ಯಾಂಪಲ್ ಪೀಸ್, ಗೇಜ್, ಮೈಕ್ರೊಮೀಟರ್ ಎಲ್ಲ ಚೆಕ್-ಇನ್ ಬ್ಯಾಗಿಗೆ ಹೋಗಲಿ. ಕಬ್ಬಿಣದ ಪೀಸ್ ಸ್ಕ್ಯಾನರ್‌ನಲ್ಲಿ ಕಂಡು ಕೇಳುವುದು ಸಹಜ. ಮಾರಾಟಕ್ಕಲ್ಲದ ಸ್ಯಾಂಪಲ್ ಎಂದು ಬರೆದ ಇನ್‌ವಾಯ್ಸ್ ಲೆಟರ್‌ಹೆಡ್‌ನಲ್ಲಿ ಮಾಡಿ ಜೊತೆಗಿಡಿ.

ಔಷಧಿಯ ವಿಷಯದಲ್ಲಿ ಮಾತ್ರ ಎಚ್ಚರ. ನಮ್ಮಲ್ಲಿ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಕೆಲವು ನೆಗಡಿ ಮಾತ್ರೆಗಳಲ್ಲಿ ಸೂಡೊಎಫೆಡ್ರಿನ್ ಇರುತ್ತದೆ, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಕೊಡೀನ್ ಇರುತ್ತದೆ. ಜಪಾನಿನಲ್ಲಿ ಈ ಎರಡಕ್ಕೂ ಬಿಗಿ ಕಾನೂನು. ಅಂಥವನ್ನು ಮನೆಯಲ್ಲೇ ಬಿಡಿ. ಬಿಪಿ, ಶುಗರ್ ಮಾತ್ರೆ ಇದ್ದರೆ ಚೀಟಿ ಸಮೇತ, ಬೇಕಾದಷ್ಟೇ ಒಯ್ಯಿರಿ. ಟ್ರಾವೆಲ್ ಇನ್ಶೂರೆನ್ಸ್ ಬಿಡಬೇಡಿ.

ಹಣ: ನಿಮ್ಮ ಕಾರ್ಡ್‌ನಲ್ಲಿ ವಿದೇಶಿ ವ್ಯವಹಾರ ಬಂದ್ ಆಗಿರುತ್ತದೆ, ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿಕೊಳ್ಳಿ. ಎರಡು ಬೇರೆ ಬ್ಯಾಂಕಿನ ಕಾರ್ಡ್ ಇದ್ದರೆ ನೆಮ್ಮದಿ. 40-50 ಸಾವಿರ ಯೆನ್ ನೋಟು ಕೈಯಲ್ಲಿರಲಿ, ಸಣ್ಣ ಹೋಟೆಲುಗಳು ಈಗಲೂ ನಗದು ಕೇಳುತ್ತವೆ. ಸೆವೆನ್ ಇಲೆವೆನ್‌ನ ಎಟಿಎಂಗಳು ವಿದೇಶಿ ಕಾರ್ಡ್ ತೆಗೆದುಕೊಳ್ಳುತ್ತವೆ. ರೈಲಿಗೆ ಮನಾಕಾ ಎಂಬ ಕಾರ್ಡ್ ಕೊಂಡರೆ ಟಿಕೆಟ್ ಯಂತ್ರದ ಮುಂದೆ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ. ಟಿಪ್ಸ್ ಕೊಡುವ ಪದ್ಧತಿ ಅಲ್ಲಿಲ್ಲ, ಕೊಟ್ಟರೆ ಮರೆತುಹೋದಿರಿ ಎಂದು ಹಿಂದೆಯೇ ಓಡಿಬರುತ್ತಾರೆ. ಚಾರ್ಜರ್‌ಗೆ ಎರಡು ಚಪ್ಪಟೆ ಪಿನ್ನಿನ ಅಡಾಪ್ಟರ್ ಬೇಕು, ಅಲ್ಲಿ ಕರೆಂಟು 100 ವೋಲ್ಟ್. ಪಾಸ್‌ಪೋರ್ಟ್ ರೂಮಿನಲ್ಲಿ ಬಿಟ್ಟು ಓಡಾಡಬೇಡಿ, ಯಾವಾಗಲೂ ಜೊತೆಗಿರಬೇಕು ಎಂಬುದು ಅಲ್ಲಿನ ಕಾನೂನು.

ಮೀಟಿಂಗ್ ಇರುವ ದಿನಕ್ಕಿಂತ ಒಂದು ಪೂರ್ತಿ ದಿನ ಮುಂಚೆ ತಲುಪಿ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿನ ಬೆಳಿಗ್ಗೆ 9ರ ಮೀಟಿಂಗ್ ನಿಮ್ಮ ಮೈಗೆ ಬೆಳಗಿನ ಜಾವ ಐದೂವರೆ. ಬೆಂಗಳೂರಿನಿಂದ ಸಿಂಗಾಪುರದ ಮೇಲೆ ನಗೋಯಾಕ್ಕೇ ಇಳಿಯಬಹುದು. ಟೋಕಿಯೊ ಹತ್ತಿರದ ನರಿಟಾಕ್ಕೆ ನೇರ ವಿಮಾನ ಹಿಡಿದರೆ ಅಲ್ಲಿಂದ ಟೋಕಿಯೊಗೆ ಒಂದು ಗಂಟೆ, ಆಮೇಲೆ ಬುಲೆಟ್ ಟ್ರೇನ್‌ನಲ್ಲಿ ಒಂದು ಗಂಟೆ ನಲವತ್ತು ನಿಮಿಷ. ಸ್ಯಾಂಪಲ್ ಹೊತ್ತುಕೊಂಡು ಮೊದಲ ಸಲ ಹೋಗುವವರಿಗೆ ಮೊದಲ ದಾರಿಯೇ ಸುಲಭ. ಹೋಟೆಲ್ ನಗೋಯಾ ಸ್ಟೇಷನ್ ಹತ್ತಿರವೇ ಮಾಡಿ. ಸ್ಟೇಷನ್ ದೊಡ್ಡದು. ಎಲ್ಲಿ ಸಿಗುತ್ತೀರಿ ಎಂದು ಕೇಳಿದರೆ ಅಲ್ಲಿಯವರು ಬಂಗಾರದ ಗಡಿಯಾರ ಅಥವಾ ಬೆಳ್ಳಿ ಗಡಿಯಾರ ಎನ್ನುತ್ತಾರೆ. ಬಂಗಾರದ್ದು ಸಕುರಾದೋರಿ ಬಾಗಿಲ ಕಡೆ, ಬೆಳ್ಳಿಯದು ಬುಲೆಟ್ ಟ್ರೇನ್ ಬರುವ ಕಡೆ. ಯಾವುದು ಎಂದು ಸರಿಯಾಗಿ ಕೇಳಿಕೊಳ್ಳಿ. ಎಸ್ಕಲೇಟರ್ ಮೇಲೆ ನಡೆಯಬೇಡಿ, 2023ರಿಂದ ಆ ಊರಿನಲ್ಲಿ ಅದಕ್ಕೇ ಒಂದು ನಿಯಮ ಇದೆ!

ಆ ಬಿಡುವಿನ ದಿನ ಸೋಮವಾರ ಅಲ್ಲದಿದ್ದರೆ ನಗೋಯಾದಲ್ಲೇ ಇರುವ ಟೊಯೊಟಾದ ಕೈಗಾರಿಕಾ ಮ್ಯೂಸಿಯಂಗೆ ಹೋಗಿ. ಕಾರಿಗಿಂತ ಮೊದಲು ಅವರು ಮಗ್ಗ ಮಾಡುತ್ತಿದ್ದವರು. ಸಕಿಚಿ ಟೊಯೊಡಾ 1924ರಲ್ಲಿ ಪೂರ್ತಿ ಮಾಡಿದ ಸ್ವಯಂಚಾಲಿತ ಮಗ್ಗ ಅಲ್ಲಿದೆ. ಒಂದು ಎಳೆ ಹರಿದರೆ ಮಗ್ಗ ತಾನೇ ನಿಂತುಬಿಡುತ್ತದೆ, ಕೆಟ್ಟ ಬಟ್ಟೆ ಮುಂದೆ ಹೋಗುವುದೇ ಇಲ್ಲ. ನಿಮ್ಮ ಇನ್‌ಸ್ಪೆಕ್ಟರ್ ಇದನ್ನು ನೋಡಿದ್ದರೆ, ಮಾರನೆಯ ದಿನ ಫ್ಯಾಕ್ಟರಿಯಲ್ಲಿ "ರಿಜೆಕ್ಷನ್ ಬಂದರೆ ಲೈನ್ ನಿಲ್ಲಿಸುತ್ತೀರಾ, ಯಾರು ನಿಲ್ಲಿಸುತ್ತಾರೆ" ಎಂಬ ಪ್ರಶ್ನೆ ಎಲ್ಲಿಂದ ಬಂತು ಎಂದು ಹೇಳಿಕೊಡಬೇಕಾಗಿಲ್ಲ.

ಪ್ರತಿ ಮೀಟಿಂಗ್ ಆದ ರಾತ್ರಿಯೇ ಮಲಗುವ ಮುಂಚೆ ಒಂದು ಮೇಲ್ ಬರೆಯಿರಿ. ಧನ್ಯವಾದ ಎರಡು ಸಾಲು. ಆಮೇಲೆ ಅವರು ಕೇಳಿದ್ದೇನು, ನೀವು ಒಪ್ಪಿದ್ದೇನು, ಯಾವುದಕ್ಕೆ ಯಾವ ತಾರೀಕಿಗೆ ಉತ್ತರ ಕೊಡುತ್ತೀರಿ. ಇಂಗ್ಲಿಷ್ ಹೇಗಿದ್ದರೂ ಪರವಾಗಿಲ್ಲ, ಇಲ್ಲಿ ಬೇಕಾದರೆ ಭಾವಮೈದುನನಿಗೆ ಫೋನ್ ಮಾಡಿ ತಿದ್ದಿಸಿ. ಊರಿಗೆ ಬಂದ ಮೇಲೆ ಆ ತಾರೀಕಿಗೆ ಕೆಲಸ ಮುಗಿಯದಿದ್ದರೂ "ಇನ್ನೂ ಆಗಿಲ್ಲ, ಕಾರಣ ಇದು, ಹೊಸ ತಾರೀಕು ಇದು" ಎಂದು ಅದೇ ದಿನ ಬರೆಯಿರಿ. ಇದೇ ಮೇಲ್‌ಗಳನ್ನು ಪ್ರಿಂಟ್ ತೆಗೆದು ಆ ಮ್ಯಾನೇಜರ್ ತನ್ನವರಿಗೆ ತೋರಿಸುವುದು.

ಎಲ್ಲ ಸರಿ ಹೋದರೆ ಕೆಲವು ತಿಂಗಳ ಮೇಲೆ ಒಂದು ಸಣ್ಣ ಟ್ರಯಲ್ ಆರ್ಡರ್ ಬರಬಹುದು, 50 ಪೀಸೋ 100 ಪೀಸೋ. ಲಾಭ ಏನೂ ಇರುವುದಿಲ್ಲ. ಮೊದಲ ಸ್ಯಾಂಪಲ್ ಯಾವ ಮೆಷಿನ್‌ನಲ್ಲಿ, ಯಾವ ಬಾರ್ ಸ್ಟಾಕ್‌ನಲ್ಲಿ, ಯಾರ ಕೈಯಲ್ಲಿ ಮಾಡಿಸಿದ್ದಿರೋ ಇದನ್ನೂ ಹಾಗೇ ಮಾಡಿಸಿ. ಆಪರೇಟರ್ ರಜೆ ಹಾಕಿದ್ದರೆ, ಮೆಷಿನ್ ಬದಲಾಯಿಸಬೇಕಾಗಿ ಬಂದರೆ, ಮೊದಲು ಅವರಿಗೆ ಒಂದು ಮೇಲ್, ಆಮೇಲೆ ಸೆಟ್ಟಿಂಗ್.